ಎರಡು ತಂತಿಗಳ ಸಂಬಂಧ: ಸ್ವಿಚ್ ಬೋರ್ಡು ಲಿನಕ್ಸಿಗೆ ಪರಿಚಯವಾಗುವ ಬಗೆ

ಗಣಕಯಂತ್ರಗಳ ಕೊಠಡಿಯುಳ್ಳ ಯಾವ ವಿದ್ಯಾಸಂಸ್ಥೆಗೆ ಹೋದರೂ ಅಲ್ಲಿನ ಮೂಲೆಯೊಂದರಲ್ಲಿ, ಸಾಲು ಸಾಲಾಗಿ ತಂತಿಗಳನ್ನು ಸಿಕ್ಕಿಸಿಕೊಂಡು, ಹಸಿರು ದೀಪಗಳನ್ನು ಮಿಣುಕಿಸುತ್ತ ಕುಳಿತಿರುವ ಚಪ್ಪಟೆಯಾದ ಪೆಟ್ಟಿಗೆಯೊಂದು ಕಾಣಸಿಗುತ್ತದೆ. ಬಳಸುವವರಲ್ಲಿ ಬಹುಮಂದಿ ಅದರತ್ತ ಕಣ್ಣೆತ್ತಿ ನೋಡುವುದು ಅದು ಕೆಟ್ಟ ದಿನ ಮಾತ್ರ. ಇದರ ಹೆಸರು ಸ್ವಿಚ್. ದೀಪ ಹೊತ್ತಿಸುವ ಗೋಡೆಯ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಬೇರಾವ ಬಾಂಧವ್ಯವೂ ಇಲ್ಲ. ಗಣಕದಿಂದ ಗಣಕಕ್ಕೆ ಹೋಗುವ ಸಂದೇಶಗಳನ್ನು ವಿಂಗಡಿಸಿ, ಯಾವುದು ಯಾವ ತಂತಿಯಲ್ಲಿ ಹೋಗಬೇಕೋ ಅದನ್ನು ಆ ತಂತಿಯಲ್ಲಿಯೇ ಕಳುಹಿಸುವುದು ಇದರ ಕಾಯಕ. ಈ ಪೆಟ್ಟಿಗೆಯೊಳಗಿನ ಮುಖ್ಯ ಚಿಪ್ಪನ್ನು ಲಿನಕ್ಸ್ ಕಾರ್ಯವ್ಯವಸ್ಥೆಗೆ ಯು.ಎಸ್.ಬಿ. ತಂತಿಯ ಮೂಲಕ ಪರಿಚಯಿಸುವ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಮೇಲ್ನೋಟಕ್ಕೆ ಕೇವಲ ತಾಂತ್ರಿಕವೆನಿಸಿದರೂ, ಒಂದು ಯಂತ್ರವು ಇನ್ನೊಂದನ್ನು ಹೇಗೆ ಗುರುತಿಸುತ್ತದೆ ಎಂಬ ಮೂಲಭೂತ ಪ್ರಶ್ನೆಯು ಇದರಲ್ಲಿ ಅಡಗಿದೆ.

ಈಥರ್ನೆಟ್ ಎಂಬ ಜಾಲಪದ್ಧತಿಯ ಕಲ್ಪನೆ ಮೂಡಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿ. ಅದರ ಪ್ರವರ್ತಕರು ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಸಹೋದ್ಯೋಗಿಗಳು. ಅಂದಿನ ವ್ಯವಸ್ಥೆಯಲ್ಲಿ ಒಂದೇ ದಪ್ಪ ತಂತಿಗೆ ಎಲ್ಲ ಗಣಕಗಳೂ ಜೋತುಬೀಳುತ್ತಿದ್ದವು. ಒಂದು ಮಾತನಾಡಿದರೆ ಎಲ್ಲಕ್ಕೂ ಕೇಳಿಸುತ್ತಿತ್ತು. ಎರಡು ಒಟ್ಟಿಗೆ ಮಾತನಾಡಿದರೆ ಯಾವುದೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಳ್ಳಿಯ ಚಾವಡಿಯಲ್ಲಿ ಎಲ್ಲರೂ ಏಕಕಾಲಕ್ಕೆ ಬಾಯಿ ತೆರೆದಾಗ ಆಗುವ ಸ್ಥಿತಿಯೇ ಇದು. ಈ ಗದ್ದಲವನ್ನು ತಪ್ಪಿಸಿ, ಇಬ್ಬಿಬ್ಬರಿಗೆ ಪ್ರತ್ಯೇಕವಾದ ದಾರಿಯನ್ನು ಮಾಡಿಕೊಡುವ ಬಹುಪೋರ್ಟಿನ ಸ್ವಿಚ್ಚನ್ನು 1990ರ ಸುಮಾರಿಗೆ ಮೊದಲು ಮಾರುಕಟ್ಟೆಗೆ ತಂದದ್ದು ಅಮೆರಿಕದ ಒಂದು ಪುಟ್ಟ ಕಂಪನಿ. ಅದರ ಹೆಸರು 'ಕಲ್ಪನಾ' ಎಂದರೆ ಓದುಗರಿಗೆ ಸೋಜಿಗವಾಗಬಹುದು. ಭಾರತ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲೊಬ್ಬರು. ಕಂಪನಿಗೆ ಅವರು ಇಟ್ಟದ್ದು ತಮ್ಮ ಪತ್ನಿಯ ಹೆಸರನ್ನು. ಏಳು ಪೋರ್ಟುಗಳ ಆ ಪೆಟ್ಟಿಗೆಯ ಸಂತತಿಯೇ ಇಂದು ಜಗತ್ತಿನ ಎಲ್ಲ ಕಚೇರಿಗಳಲ್ಲಿಯೂ ಕುಳಿತಿದೆ. ಆ ಕಂಪನಿಯನ್ನು 1994ರಲ್ಲಿ ಸಿಸ್ಕೊ ಸಂಸ್ಥೆಯು ಕೊಂಡುಕೊಂಡಿತು.

ಸ್ವಿಚ್ಚು ಕೆಲಸ ಮಾಡುವ ರೀತಿ ಸರಳವಾದುದು. ಈಥರ್ನೆಟ್ಟಿನಲ್ಲಿ ಸಂಚರಿಸುವ ಪ್ರತಿಯೊಂದು ಸಂದೇಶದ ಕಟ್ಟಿಗೂ, ಅಂದರೆ ಫ್ರೇಮಿಗೂ, ಪಡೆಯುವವರ ವಿಳಾಸ ಹಾಗೂ ಕಳುಹಿಸುವವರ ವಿಳಾಸ ಎರಡೂ ಅಂಟಿಕೊಂಡಿರುತ್ತವೆ. ಕಳುಹಿಸಿದವರ ವಿಳಾಸವನ್ನು ನೋಡಿ, 'ಈ ವಿಳಾಸದವರು ಮೂರನೆಯ ಪೋರ್ಟಿನಲ್ಲಿದ್ದಾರೆ' ಎಂದು ಸ್ವಿಚ್ಚು ಬರೆದಿಟ್ಟುಕೊಳ್ಳುತ್ತದೆ. ಮುಂದೆ ಆ ವಿಳಾಸಕ್ಕೆ ಫ್ರೇಮ್ ಬಂದಾಗ ನೇರವಾಗಿ ಮೂರನೆಯ ಪೋರ್ಟಿಗೆ ಅಟ್ಟುತ್ತದೆ. ಯಾವ ಉಪಾಧ್ಯಾಯರು ಯಾವ ಕೊಠಡಿಯಲ್ಲಿದ್ದಾರೆಂಬುದನ್ನು ಕೇಳದೆಯೇ ಬಲ್ಲ ಶಾಲೆಯ ಜವಾನನಂತೆ ಅದು ವರ್ತಿಸುತ್ತದೆ. ಸದ್ದಿಲ್ಲದೆ ಇರುವವರನ್ನು ಸಾಮಾನ್ಯವಾಗಿ 300 ಸೆಕೆಂಡುಗಳ ಅನಂತರ ಮರೆತುಬಿಡುತ್ತದೆ ಎಂಬುದಷ್ಟೇ ವ್ಯತ್ಯಾಸ. ಇಷ್ಟು ಕೆಲಸಕ್ಕೆ ಹೊರಗಿನ ಗಣಕದ ನೆರವು ಬೇಕಿಲ್ಲ. ಆದರೆ ಒಂದೇ ಸ್ವಿಚ್ಚಿನಲ್ಲಿ ಕಚೇರಿಯ ಜಾಲವನ್ನೂ ವಿದ್ಯಾರ್ಥಿಗಳ ಜಾಲವನ್ನೂ ಬೇರ್ಪಡಿಸಬೇಕೆಂದಾಗ, ಒಂದು ದಾರಿ ಕಡಿದರೆ ಇನ್ನೊಂದರಲ್ಲಿ ಸಾಗಬೇಕೆಂದಾಗ, ಯಾವ ಪೋರ್ಟಿನಲ್ಲಿ ಎಷ್ಟು ಸಂಚಾರವಿದೆಯೆಂದು ಲೆಕ್ಕ ಬೇಕಾದಾಗ, ಆ ಚಿಪ್ಪಿಗೆ ಆಜ್ಞೆ ಕೊಡುವ ಒಬ್ಬ ಯಜಮಾನನಿರಬೇಕಾಗುತ್ತದೆ. ಕಾರ್ಖಾನೆಗಳಲ್ಲಿಯೂ ಮನೆಯ ರೂಟರುಗಳಲ್ಲಿಯೂ ಈ ಯಜಮಾನಿಕೆ ಬಹುಮಟ್ಟಿಗೆ ಲಿನಕ್ಸಿನದು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್‌ವಾಲ್ಡ್ಸ್ ಆರಂಭಿಸಿದ ಈ ಕಾರ್ಯವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು.

ಈಗ ಒಂದು ನಿಶ್ಚಿತ ಉದಾಹರಣೆಯನ್ನು ತೆಗೆದುಕೊಳ್ಳುವುದು ಉಚಿತ. ಮಾರ್ವೆಲ್ ಸಂಸ್ಥೆಯ 'ಲಿಂಕ್ ಸ್ಟ್ರೀಟ್' ಎಂಬ ಪರಿವಾರಕ್ಕೆ ಸೇರಿದ 88ಇ6390ಎಕ್ಸ್ ಎಂಬ ಸ್ವಿಚ್ ಚಿಪ್ಪಿಗೆ 11 ಪೋರ್ಟುಗಳಿವೆ. ಅವುಗಳಲ್ಲಿ 8 ಪೋರ್ಟುಗಳಿಗೆ ತಾಮ್ರದ ತಂತಿಯೊಡನೆ ನೇರವಾಗಿ ವ್ಯವಹರಿಸುವ ಮಂಡಲಗಳು ಚಿಪ್ಪಿನೊಳಗೇ ಅಡಕವಾಗಿವೆ. ಇಂಥ ಚಿಪ್ಪನ್ನು ಬಳಸಿ ಹೊಸದೊಂದು ಉಪಕರಣವನ್ನು ಮಾಡಬೇಕೆನ್ನುವವರು ಮೊದಲು ತಮ್ಮದೇ ಫಲಕವನ್ನು ರೂಪಿಸಿ, ಅಚ್ಚು ಹಾಕಿಸಿ, ಬಿಡಿಭಾಗಗಳನ್ನು ಬೆಸೆಸಿ ತರಿಸಿಕೊಳ್ಳಬೇಕು. ಇದಕ್ಕೆ ತಿಂಗಳುಗಟ್ಟಲೆ ಕಾಲ ಹಿಡಿಯುತ್ತದೆ, ಹಣವೂ ಸಾಕಷ್ಟು ವ್ಯಯವಾಗುತ್ತದೆ. ಬಂದ ಮೇಲೆ ಚಿಪ್ಪು ತಮ್ಮ ಕೆಲಸಕ್ಕೆ ಒಗ್ಗದೆಂದು ತಿಳಿದರೆ ಮಾಡಿದ್ದೆಲ್ಲವೂ ನೀರಿನಲ್ಲಿ ಹೋಮ ಮಾಡಿದಂತೆ. ಆದುದರಿಂದ ಚಿಪ್ಪಿನ ತಯಾರಕರೇ ಅದನ್ನು ಒಂದು ದೊಡ್ಡ ಫಲಕದ ಮೇಲೆ ಕೂರಿಸಿ, ಎಲ್ಲ ಪೋರ್ಟುಗಳನ್ನೂ ಹೊರಗೆ ತೆರೆದಿಟ್ಟು, ಪರೀಕ್ಷೆಗೆಂದು ಮಾರುತ್ತಾರೆ. ಇದಕ್ಕೆ ಇವ್ಯಾಲ್ಯುಯೇಷನ್ ಬೋರ್ಡು ಎನ್ನುವರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಎರಡು ಮನೆಯವರು ಸಾವಕಾಶವಾಗಿ ಕುಳಿತು ಮಾತನಾಡುವ ಹಾಗೆ, ಕೊಳ್ಳುವವನೂ ಚಿಪ್ಪೂ ಪರಸ್ಪರ ಅರಿಯಲು ಇರುವ ಏರ್ಪಾಡು ಇದು.

ಆದರೆ ಬೋರ್ಡಿನ ಮೇಲೆ ಯಜಮಾನನಿಲ್ಲ. ಅಲ್ಲಿರುವುದು ಸ್ವಿಚ್ಚು ಮಾತ್ರ. ಲಿನಕ್ಸ್ ನಡೆಯುತ್ತಿರುವ ಗಣಕವು ಬೇರೆ ಕಡೆ ಇದೆ. ಎರಡನ್ನೂ ಜೋಡಿಸುವುದು ಹೇಗೆ?

ಇದಕ್ಕೆ ಉತ್ತರ ತಿಳಿಯಬೇಕಾದರೆ ರಿಜಿಸ್ಟರ್ ಎಂಬ ಪದದ ಅರ್ಥವನ್ನು ಅರಿಯಬೇಕು. ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೂ ಇದೇ ಹೆಸರು; ಉಪಾಧ್ಯಾಯರಿಗೆ ಇದು ಚಿರಪರಿಚಿತ. ಚಿಪ್ಪಿನ ರಿಜಿಸ್ಟರಾದರೋ ಹದಿನಾರು ಮನೆಗಳುಳ್ಳ ಒಂದು ಸಾಲು. ಪ್ರತಿ ಮನೆಯಲ್ಲಿ ಸೊನ್ನೆ ಇಲ್ಲವೆ ಒಂದು. ಇಂಥ ನೂರಾರು ಸಾಲುಗಳು ಚಿಪ್ಪಿನೊಳಗಿವೆ. ಒಂದು ಸಾಲಿನಲ್ಲಿ ಬರೆದರೆ ಪೋರ್ಟು ತೆರೆಯುತ್ತದೆ, ಇನ್ನೊಂದನ್ನು ಓದಿದರೆ ತಂತಿ ಸಿಕ್ಕಿಸಿದೆಯೋ ಇಲ್ಲವೋ ತಿಳಿಯುತ್ತದೆ. ಚಿಪ್ಪನ್ನು ಆಳುವುದೆಂದರೆ ಈ ಸಾಲುಗಳನ್ನು ಓದುವುದು ಮತ್ತು ಬರೆಯುವುದು, ಅಷ್ಟೇ. ಓದಿ ಬರೆಯುವ ಈ ಮಾತುಕತೆಗೆ ಈಥರ್ನೆಟ್ ಜಗತ್ತಿನಲ್ಲಿ ಎಂ.ಡಿ.ಐ.ಓ. ಎಂಬ ಎರಡು ಎಳೆಗಳ ಪದ್ಧತಿ ರೂಢಿಯಲ್ಲಿದೆ. ಒಂದು ಎಳೆ ತಾಳ ಹಾಕುತ್ತದೆ, ಇನ್ನೊಂದು ಆ ತಾಳಕ್ಕೆ ಅನುಸಾರವಾಗಿ ಅಕ್ಷರಗಳನ್ನು ಒಯ್ಯುತ್ತದೆ. ಒಂದು ಪ್ರಶ್ನೋತ್ತರಕ್ಕೆ 64 ತಾಳಗಳು ಬೇಕು: ಎಚ್ಚರಿಸಲು 32, ಆರಂಭಸೂಚನೆಗೆ 2, ಓದೋ ಬರಹವೋ ಎಂದು ಹೇಳಲು 2, ಉಪಕರಣದ ವಿಳಾಸಕ್ಕೆ 5, ರಿಜಿಸ್ಟರಿನ ಸಂಖ್ಯೆಗೆ 5, ಮಾತಿನ ಸರದಿ ಬದಲಾಗಲು 2, ಕೊನೆಗೆ ವಿಷಯಕ್ಕೆ 16. ಮೂಲ ನಿಯಮದಂತೆ ತಾಳದ ವೇಗವು ಸೆಕೆಂಡಿಗೆ 25 ಲಕ್ಷವನ್ನು ಮೀರುವಂತಿಲ್ಲವಾದ್ದರಿಂದ ಒಂದು ಪ್ರಶ್ನೋತ್ತರಕ್ಕೆ ಕಡಿಮೆಯೆಂದರೆ 25.6 ಮೈಕ್ರೊಸೆಕೆಂಡು ಹಿಡಿಯುತ್ತದೆ. ವಿಳಾಸಕ್ಕೆ ಐದೇ ಮನೆಗಳಿರುವುದರಿಂದ ಒಂದು ಎಳೆಯ ಮೇಲೆ 32ಕ್ಕಿಂತ ಹೆಚ್ಚು ವಿಳಾಸಗಳು ಸಾಧ್ಯವಿಲ್ಲ.

ತೊಡಕು ಇಲ್ಲಿಂದ ಮೊದಲಾಗುತ್ತದೆ. ಸಾಮಾನ್ಯ ಗಣಕಕ್ಕೆ ಎಂ.ಡಿ.ಐ.ಓ. ಎಳೆಗಳನ್ನು ಸಿಕ್ಕಿಸುವ ಕಿಂಡಿಯೇ ಇಲ್ಲ. ಇರುವುದು ಯು.ಎಸ್.ಬಿ. 1996ರಲ್ಲಿ ಮೊದಲ ಆವೃತ್ತಿಯಾಗಿ ಪ್ರಕಟವಾದ ಈ ಪದ್ಧತಿಯು ಇಂದು ಇಲಿಯಿಂದ ಹಿಡಿದು ಮುದ್ರಕದವರೆಗೆ ಎಲ್ಲವನ್ನೂ ಗಣಕಕ್ಕೆ ಜೋಡಿಸುತ್ತದೆ. ಆದುದರಿಂದ ಬೋರ್ಡಿನ ತಯಾರಕರು ಅದರ ಮೇಲೆಯೇ ಒಬ್ಬ ದುಭಾಷಿಯನ್ನು ಕೂರಿಸಿದ್ದಾರೆ. ಒಂದು ಕಡೆ ಯು.ಎಸ್.ಬಿ. ಭಾಷೆಯನ್ನೂ ಇನ್ನೊಂದು ಕಡೆ ಎಂ.ಡಿ.ಐ.ಓ. ಭಾಷೆಯನ್ನೂ ಬಲ್ಲ ಸಣ್ಣ ಮಂಡಲವದು. ಈ ದುಭಾಷಿಯೊಡನೆ ಮಾತನಾಡಲು ಲಿನಕ್ಸಿಗೆ ಬೇಕಾದ ಡ್ರೈವರನ್ನು ಟೋಬಿಯಸ್ ವಾಲ್ಡೆಕ್ರಾನ್ಸ್ ಎಂಬ ಅಭಿಯಂತರರು ಬರೆದರು. 2020ರ ಮೇ ತಿಂಗಳಲ್ಲಿ ಹೊರಬಂದ ಕರ್ನಲಿನ 5.7ನೆಯ ಆವೃತ್ತಿಯಲ್ಲಿ ಅದು ಸೇರ್ಪಡೆಯಾಯಿತು. ಗ್ರಂಥದ ಗಾತ್ರವೇನಲ್ಲ, ಕೆಲವೇ ಪುಟಗಳ ಕಾರ್ಯಕ್ರಮ. ಓದಬೇಕಾದಾಗ ಆರು ಬೈಟುಗಳ ಕೋರಿಕೆಯನ್ನು ಕಳುಹಿಸಿ ಎರಡು ಬೈಟುಗಳ ಉತ್ತರವನ್ನು ಪಡೆಯುತ್ತದೆ. ಬರೆಯಬೇಕಾದಾಗ ಎಂಟು ಬೈಟುಗಳನ್ನು ಕಳುಹಿಸಿ ಸುಮ್ಮನಾಗುತ್ತದೆ. ಹಾಗಿದ್ದರೂ ಇದರ ಪರಿಣಾಮ ದೊಡ್ಡದು. ಅದುವರೆಗೆ ತಯಾರಕರು ಕೊಟ್ಟ ಪ್ರತ್ಯೇಕ ಸಾಧನದಿಂದ ಮಾತ್ರ ಬೋರ್ಡನ್ನು ತಡವಿ ನೋಡುತ್ತಿದ್ದವರಿಗೆ, ಇನ್ನು ಮುಂದೆ ಲಿನಕ್ಸ್ ಕರ್ನಲ್ಲೇ ಅದರ ಯಜಮಾನನಾಗಿ ನಿಲ್ಲಲು ಅವಕಾಶವಾಯಿತು.

ಇಲ್ಲಿ ಹೊಸಬರು ತಪ್ಪದೆ ಒಂದು ಭ್ರಮೆಗೆ ಒಳಗಾಗುತ್ತಾರೆ. ಯು.ಎಸ್.ಬಿ. ತಂತಿ ಸಿಕ್ಕಿಸಿದ ಮೇಲೆ ಜಾಲದ ಸಂದೇಶಗಳೆಲ್ಲ ಅದರಲ್ಲಿಯೇ ಹರಿದು ಗಣಕಕ್ಕೆ ಬರುತ್ತವೆಂದು ಅವರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಯು.ಎಸ್.ಬಿ. ತಂತಿಯು ಆಜ್ಞಾಮಾರ್ಗ ಮಾತ್ರ; ಒಂದೇ ಒಂದು ಫ್ರೇಮ್ ಸಹ ಅದರಲ್ಲಿ ಸಂಚರಿಸುವುದಿಲ್ಲ. ಸಂಚಾರಮಾರ್ಗಕ್ಕೆ ಎರಡನೆಯ ತಂತಿಯೊಂದು ಬೇಕು. ಗಣಕದ ಈಥರ್ನೆಟ್ ಕಿಂಡಿಯಿಂದ ಬೋರ್ಡಿನ ಸೊನ್ನೆಯ ಪೋರ್ಟಿಗೆ ಅದನ್ನು ಎಳೆಯಬೇಕು. ಡ್ರೈವರಿನ ಕರ್ತೃವು ಕರ್ನಲಿಗೆ ಅದನ್ನು ಸಲ್ಲಿಸುವಾಗ ಬರೆದ ಚಿತ್ರದಲ್ಲಿ ಈ ಎರಡು ತಂತಿಗಳೇ ಪ್ರಧಾನವಾಗಿವೆ: ಒಂದು ಯು.ಎಸ್.ಬಿ., ಒಂದು ಈಥರ್ನೆಟ್. ಉಳಿದಂತೆ 1ರಿಂದ 10ರವರೆಗಿನ ಪೋರ್ಟುಗಳು ಹೊರಜಗತ್ತಿಗೆ ತೆರೆದುಕೊಂಡಿವೆ. ಒಂದೇ ತಂತಿಯಲ್ಲಿ ಎಲ್ಲವೂ ನಡೆಯಲೆಂದು ಕಾದು ಕುಳಿತವನಿಗೆ ದಿನಗಟ್ಟಲೆ ಕಾಯುವುದೇ ಗತಿ.

ಈ ಎರಡನೆಯ ತಂತಿಯಲ್ಲಿ ನಡೆಯುವ ವ್ಯವಹಾರವು ನಿಜಕ್ಕೂ ಸ್ವಾರಸ್ಯವಾದುದು. ಹತ್ತು ಪೋರ್ಟುಗಳಿಂದ ಬಂದ ಫ್ರೇಮುಗಳು ಒಂದೇ ತಂತಿಯಲ್ಲಿ ಗಣಕವನ್ನು ಸೇರಿದರೆ, ಯಾವುದು ಯಾವ ಪೋರ್ಟಿನದೆಂದು ಕರ್ನಲಿಗೆ ತಿಳಿಯುವುದೆಂತು? ಅಂಚೆ ಇಲಾಖೆಯು ಈ ಸಮಸ್ಯೆಯನ್ನು ಬಹುಕಾಲದ ಹಿಂದೆಯೇ ಬಗೆಹರಿಸಿದೆ: ಕಾಗದವು ಯಾವ ಊರಿನಲ್ಲಿ ಡಬ್ಬಿಗೆ ಬಿದ್ದಿತೋ ಆ ಊರಿನ ಮುದ್ರೆಯನ್ನು ಅದರ ಮೇಲೆ ಒತ್ತುತ್ತಾರೆ. ಸ್ವಿಚ್ ಚಿಪ್ಪೂ ಹಾಗೆಯೇ ಪ್ರತಿ ಫ್ರೇಮಿನ ನಡುವೆ, ಎರಡು ವಿಳಾಸಗಳು ಮುಗಿದೊಡನೆ, ನಾಲ್ಕು ಬೈಟುಗಳ ಒಂದು ಮುದ್ರೆಯನ್ನು ಸೇರಿಸುತ್ತದೆ. ಚಿಪ್ಪಿನ ಸಂಖ್ಯೆ, ಪೋರ್ಟಿನ ಸಂಖ್ಯೆ ಎರಡೂ ಅದರಲ್ಲಿರುತ್ತವೆ. ಕರ್ನಲ್ ಅದನ್ನು ಓದಿ, ಮುದ್ರೆಯನ್ನು ಕಿತ್ತುಹಾಕಿ, ಫ್ರೇಮನ್ನು ಆಯಾ ಪೋರ್ಟಿನ ಹೆಸರಿನಲ್ಲಿ ಒಳಗೆ ತೆಗೆದುಕೊಳ್ಳುತ್ತದೆ. ಹೊರಗೆ ಕಳುಹಿಸುವಾಗ ಕರ್ನಲ್ಲೇ ಮುದ್ರೆ ಒತ್ತುತ್ತದೆ, ಚಿಪ್ಪು ಕಿತ್ತುಹಾಕುತ್ತದೆ. ತಂತಿಯ ಆಚೆ ತುದಿಯವರಿಗೆ ಈ ಗುಟ್ಟು ತಿಳಿಯುವುದೇ ಇಲ್ಲ. ಈ ಏರ್ಪಾಡಿಗೆ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಆರ್ಕಿಟೆಕ್ಚರ್, ಸಂಕ್ಷೇಪವಾಗಿ ಡಿ.ಎಸ್.ಎ., ಎಂದು ಹೆಸರು. ಲೆನ್ನರ್ಟ್ ಬಯ್ಟೆನ್‌ಹೆಕ್ ಎಂಬವರು ಬರೆದ ಇದು 2008ರ ಡಿಸೆಂಬರಿನಲ್ಲಿ ಹೊರಬಂದ 2.6.28ನೆಯ ಕರ್ನಲಿನಲ್ಲಿ ಮೊದಲು ಕಾಣಿಸಿಕೊಂಡಿತು. ಆಮೇಲೆ ಕೆಲವು ವರ್ಷ ಅಷ್ಟಾಗಿ ಗಮನ ಪಡೆಯದೆ ಮಲಗಿದ್ದು, 2014ರ ಅನಂತರ ಹಲವರ ಪರಿಶ್ರಮದಿಂದ ಮತ್ತೆ ಚೇತರಿಸಿಕೊಂಡಿತು.

ಮುದ್ರೆಯ ನಾಲ್ಕು ಬೈಟುಗಳಿಂದ ಒಂದು ಸಣ್ಣ ಕಿರಿಕಿರಿಯೂ ಉಂಟು. ಸಾಧಾರಣ ಫ್ರೇಮಿನ ಗರಿಷ್ಠ ಉದ್ದ 1518 ಬೈಟುಗಳು. ಮುದ್ರೆ ಬಿದ್ದಾಗ ಅದು 1522 ಆಗುತ್ತದೆ. ಗಣಕದ ಈಥರ್ನೆಟ್ ಮಂಡಲವು ಅಷ್ಟು ಉದ್ದದ್ದನ್ನು ಒಪ್ಪದಿದ್ದರೆ ಚಿಕ್ಕ ಸಂದೇಶಗಳು ಸಲೀಸಾಗಿ ಹೋಗಿ, ದೊಡ್ಡವು ಮಾತ್ರ ಮಾಯವಾಗುತ್ತವೆ. ಇಂಥ ಅರೆಬರೆ ದೋಷವನ್ನು ಹುಡುಕುವುದು ಪೂರ್ತಿ ಕೆಟ್ಟಿರುವುದನ್ನು ಹುಡುಕುವುದಕ್ಕಿಂತ ಕಷ್ಟ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಹೆಚ್ಚಿನವರು ಮುಗ್ಗರಿಸುವ ಹಂತಕ್ಕೆ ಬರೋಣವಾಗಲಿ. ಯು.ಎಸ್.ಬಿ. ಉಪಕರಣಗಳು ವಾಚಾಳಿಗಳು. ಸಿಕ್ಕಿಸಿದ ಮರುಕ್ಷಣವೇ ತಮ್ಮ ತಯಾರಕರ ಸಂಖ್ಯೆಯನ್ನೂ ತಮ್ಮ ಸಂಖ್ಯೆಯನ್ನೂ ಹೇಳಿಕೊಳ್ಳುತ್ತವೆ. ಬೋರ್ಡಿನ ಮೇಲಿನ ದುಭಾಷಿಯೂ, ಹದಿನಾರರ ಎಣಿಕೆಯಲ್ಲಿ, 1286 ಮತ್ತು 1ಎಫ್ಎ4 ಎಂದು ತನ್ನ ಪರಿಚಯ ಹೇಳುತ್ತದೆ. ಕರ್ನಲ್ ಅದನ್ನು ಕೇಳಿ ತಕ್ಕ ಡ್ರೈವರನ್ನು ಕರೆಯುತ್ತದೆ. ಇಲ್ಲಿಯವರೆಗೆ ಎಲ್ಲವೂ ತಾನಾಗಿಯೇ ನಡೆಯುತ್ತದೆ. ಆದರೆ ದುಭಾಷಿಯ ಹಿಂದೆ ನಿಂತಿರುವ ಸ್ವಿಚ್ ಚಿಪ್ಪು ಮೂಕ. ಎಂ.ಡಿ.ಐ.ಓ. ಎಳೆಯ ಮೇಲಿರುವ ಇಂಥ ಚಿಪ್ಪಿಗೆ ತಾನಾಗಿ ಮುಂದೆ ಬಂದು 'ನಾನಿದ್ದೇನೆ' ಎನ್ನುವ ಶಕ್ತಿಯಿಲ್ಲ. ಕೇಳಿದರೆ ಉತ್ತರಿಸುತ್ತದೆ, ಕೇಳಬೇಕೆಂದು ಯಾರಾದರೂ ಮೊದಲೇ ಹೇಳಿಡಬೇಕು. ಹೇಳಿಡುವ ಆ ದಾಖಲೆಗೆ ಡಿವೈಸ್ ಟ್ರೀ ಎನ್ನುತ್ತಾರೆ. ಯಂತ್ರದಲ್ಲಿ ಏನೇನಿದೆ, ಯಾವುದರ ಕೆಳಗೆ ಯಾವುದಿದೆ, ಯಾವುದರ ವಿಳಾಸವೇನು ಎಂಬುದನ್ನು ವಂಶವೃಕ್ಷದಂತೆ ಬರೆದಿಟ್ಟ ಪತ್ರವದು.

ಈ ವೃಕ್ಷದಲ್ಲಿ ಗಣಕದ ಯು.ಎಸ್.ಬಿ. ನಿಯಂತ್ರಕ, ಅದರ ಮಗನಾಗಿ ದುಭಾಷಿ, ದುಭಾಷಿಯ ಮಗನಾಗಿ ಸ್ವಿಚ್ಚು, ಸ್ವಿಚ್ಚಿನ ಮಕ್ಕಳಾಗಿ ಪೋರ್ಟುಗಳು ಎಂದು ಬರೆಯಬೇಕಾಗುತ್ತದೆ. ಪೋರ್ಟುಗಳಲ್ಲಿ ಒಂದರ ಎದುರು 'ಇದು ಯಜಮಾನನ ಕಡೆಯದು, ಗಣಕದ ಇಂಥ ಈಥರ್ನೆಟ್ ಕಿಂಡಿಗೆ ಸೇರಿದೆ' ಎಂದು ನಮೂದಿಸಬೇಕು. ಹಾಗೆ ನಮೂದಿಸಿದಾಗಲೇ ಎರಡು ತಂತಿಗಳೂ ಒಂದೇ ಬೋರ್ಡಿನವೆಂದು ಕರ್ನಲಿಗೆ ಅರ್ಥವಾಗುವುದು. ಅದುವರೆಗೆ ಅದರ ದೃಷ್ಟಿಯಲ್ಲಿ ಅವೆರಡೂ ಸಂಬಂಧವೇ ಇಲ್ಲದ ಎರಡು ವಸ್ತುಗಳು.

ಬರೆಯುವಾಗ ಮೂರು ಕಡೆ ಎಡವುವುದು ವಾಡಿಕೆ. ಮೊದಲನೆಯದು ಕಿಂಡಿಯ ಸಂಖ್ಯೆ. ಯು.ಎಸ್.ಬಿ. ಉಪಕರಣವನ್ನು ವೃಕ್ಷದಲ್ಲಿ ಗುರುತಿಸುವುದು ಅದು ಯಾವ ಕಿಂಡಿಗೆ ಸಿಕ್ಕಿಸಲ್ಪಟ್ಟಿದೆ ಎಂಬುದರ ಮೇಲೆ. ಇಲಿಯನ್ನೋ ಕೀಲಿಮಣೆಯನ್ನೋ ಯಾವ ಕಿಂಡಿಗೆ ಸಿಕ್ಕಿಸಿದರೂ ನಡೆಯುತ್ತದೆಂಬ ಅಭ್ಯಾಸಬಲದಿಂದ ತಂತಿಯನ್ನು ಪಕ್ಕದ ಕಿಂಡಿಗೆ ಬದಲಿಸಿದರೆ, ದುಭಾಷಿಯು ಎಂದಿನಂತೆ ಎಚ್ಚರಗೊಳ್ಳುತ್ತದೆ, ಡ್ರೈವರೂ ಬರುತ್ತದೆ, ಆದರೆ ಸ್ವಿಚ್ಚು ಮಾತ್ರ ಕಾಣಿಸದು. ದೋಷವೇನೂ ವರದಿಯಾಗುವುದಿಲ್ಲ, ಏಕೆಂದರೆ ಕರ್ನಲಿನ ಮಟ್ಟಿಗೆ ದೋಷವೇ ಆಗಿಲ್ಲ. ಈ ಕಿಂಡಿಯ ಕೆಳಗೆ ಸ್ವಿಚ್ಚಿದೆಯೆಂದು ಅದಕ್ಕೆ ಯಾರೂ ಹೇಳಿಲ್ಲ. ನಡುವೆ ಯು.ಎಸ್.ಬಿ. ಹಬ್ ಇದ್ದರೆ ಅದನ್ನೂ ವೃಕ್ಷದಲ್ಲಿ ಒಂದು ತಲೆಮಾರಾಗಿ ಸೇರಿಸಬೇಕು.

ಎರಡನೆಯದು ಹೆಸರಿನ ಗೊಂದಲ. ಬೋರ್ಡಿನ ಮೇಲಿರುವುದು 88ಇ6390ಎಕ್ಸ್ ಆದರೂ ವೃಕ್ಷದಲ್ಲಿ ಬರೆಯಬೇಕಾದ ಹೆಸರು 88ಇ6190. ಇದನ್ನು ಕಂಡವರು ಅಚ್ಚಿನ ತಪ್ಪೆಂದು ಭಾವಿಸಿ ತಿದ್ದಿ, ಕೆಲಸ ಕೆಡಿಸಿಕೊಳ್ಳುವುದುಂಟು. ಇದರ ಗುಟ್ಟು ಇಷ್ಟೇ: ಚಿಪ್ಪಿನ ನಿಜವಾದ ಗುರುತು ಅದರೊಳಗಿನ ಒಂದು ರಿಜಿಸ್ಟರಿನಲ್ಲಿಯೇ ಬರೆದಿದೆ, ಮೊದಲ 12 ಮನೆಗಳಲ್ಲಿ ಮಾದರಿಯ ಸಂಖ್ಯೆ, ಕೊನೆಯ ನಾಲ್ಕರಲ್ಲಿ ಪರಿಷ್ಕರಣದ ಸಂಖ್ಯೆ. ಆದರೆ ಆ ರಿಜಿಸ್ಟರು ಇರುವ ವಿಳಾಸವು ಒಂದೊಂದು ಪರಿವಾರಕ್ಕೆ ಒಂದೊಂದು ಬಗೆ. ವೃಕ್ಷದಲ್ಲಿ ಬರೆದ ಹೆಸರು 'ಎಲ್ಲಿ ನೋಡಬೇಕು' ಎಂಬುದನ್ನಷ್ಟೇ ಹೇಳುತ್ತದೆ. ಅಲ್ಲಿ ನೋಡಿ ಯಾವ ಚಿಪ್ಪೆಂದು ಡ್ರೈವರು ತಾನೇ ತಿಳಿದುಕೊಳ್ಳುತ್ತದೆ. ಮನೆತನದ ಹೆಸರು ಹೇಳಿ ಕಳುಹಿಸಿದರೆ ಸಾಕು, ವ್ಯಕ್ತಿಯ ಹೆಸರನ್ನು ಮನೆಯಲ್ಲಿ ಕೇಳಿಕೊಳ್ಳಬಹುದು.

ಮೂರನೆಯದು ವಿಳಾಸ. ಬೋರ್ಡಿನ ಮೇಲಿನ ಪುಟ್ಟ ಕೊಕ್ಕೆಗಳು ಚಿಪ್ಪಿನ ಎಂ.ಡಿ.ಐ.ಓ. ವಿಳಾಸವನ್ನು ನಿರ್ಧರಿಸುತ್ತವೆ. ಅದನ್ನು ಸೊನ್ನೆಗೆ ಇಟ್ಟರೆ ಚಿಪ್ಪು 32 ವಿಳಾಸಗಳನ್ನೂ ತನ್ನದಾಗಿಸಿಕೊಳ್ಳುತ್ತದೆ: ಆಗ ಪೋರ್ಟುಗಳ ರಿಜಿಸ್ಟರುಗಳು ಒಂದೆಡೆ, ಇಡೀ ಚಿಪ್ಪಿಗೆ ಸಂಬಂಧಿಸಿದವು 27 ಮತ್ತು 28ನೆಯ ವಿಳಾಸಗಳಲ್ಲಿ. ಬೇರೆ ಸಂಖ್ಯೆಗೆ ಇಟ್ಟರೆ ಅದೊಂದೇ ವಿಳಾಸದಲ್ಲಿ, ಎರಡೇ ರಿಜಿಸ್ಟರುಗಳ ಬಾಗಿಲಿನ ಹಿಂದೆ ಎಲ್ಲವನ್ನೂ ಅಡಗಿಸಿಕೊಳ್ಳುತ್ತದೆ. ಒಂದೇ ಎಳೆಯ ಮೇಲೆ ಹಲವು ಚಿಪ್ಪುಗಳಿರಬೇಕಾದಾಗ ಈ ಸಂಕೋಚ ಅಗತ್ಯ. ವಿಳಾಸ ತಪ್ಪಿದರೆ ಓದಿದ್ದಕ್ಕೆಲ್ಲ ಸಾಮಾನ್ಯವಾಗಿ 65535 ಎಂಬ ಉತ್ತರವೇ ಬರುತ್ತದೆ. ಯಾರೂ ಮಾತನಾಡದಿದ್ದಾಗ ಎಳೆಯು ಮೇಲ್ಮಟ್ಟದಲ್ಲಿಯೇ ನಿಂತಿರುವುದರಿಂದ ಹದಿನಾರು ಮನೆಗಳಲ್ಲಿಯೂ ಒಂದೇ ಕಾಣುತ್ತದೆ. ಅನುಭವಿಗಳು ಈ ಸಂಖ್ಯೆಯನ್ನು ಉತ್ತರವೆಂದು ತಿಳಿಯುವುದಿಲ್ಲ, ಮೌನವೆಂದು ತಿಳಿಯುತ್ತಾರೆ.

ಇಷ್ಟೆಲ್ಲ ಸರಿಯಾದ ಮೇಲೆ ಕಾಣುವ ದೃಶ್ಯವು ಪಟ್ಟ ಶ್ರಮವನ್ನು ಮರೆಸುವಂಥದು. ಅದುವರೆಗೆ ಒಂದೋ ಎರಡೋ ಜಾಲಕಿಂಡಿಗಳಿದ್ದ ಗಣಕದ ಪಟ್ಟಿಯಲ್ಲಿ ವೃಕ್ಷದಲ್ಲಿ ಬರೆದ ಪೋರ್ಟುಗಳೆಲ್ಲ ಪ್ರತ್ಯೇಕ ಪ್ರತ್ಯೇಕ ಹೆಸರಿನಿಂದ ಎದ್ದು ನಿಲ್ಲುತ್ತವೆ. ಅವುಗಳನ್ನು ಆಳಲು ಹೊಸ ವಿದ್ಯೆ ಬೇಕಿಲ್ಲ. ಯಾವ ಜಾಲಕಿಂಡಿಗೂ ಬಳಸುವ 'ಐಪಿ' ಆಜ್ಞೆ, 'ಬ್ರಿಡ್ಜ್' ಆಜ್ಞೆಗಳೇ ಇಲ್ಲಿಯೂ ಸಲ್ಲುತ್ತವೆ. ಮೊದಲಿಗೆ ಪ್ರತಿ ಪೋರ್ಟೂ ಬೇರೆ ಬೇರೆ. ಒಂದರಿಂದ ಇನ್ನೊಂದಕ್ಕೆ ಏನೂ ದಾಟದು. ಎರಡನ್ನು ಒಂದು ಬ್ರಿಡ್ಜಿಗೆ ಸೇರಿಸಿದ ಕೂಡಲೇ ಕರ್ನಲ್ ಆ ಸುದ್ದಿಯನ್ನು ಯು.ಎಸ್.ಬಿ. ತಂತಿಯ ಮೂಲಕ ಚಿಪ್ಪಿಗೆ ತಿಳಿಸುತ್ತದೆ. ಅಲ್ಲಿಂದ ಮುಂದೆ ಅವುಗಳ ನಡುವಿನ ಫ್ರೇಮುಗಳನ್ನು ಚಿಪ್ಪೇ ದಾಟಿಸುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಎರಡು ಪೋರ್ಟುಗಳಿಗೆ ಎರಡು ಗಣಕಗಳನ್ನು ಜೋಡಿಸಿ 'ಐಪರ್ಫ್' ಎಂಬ ಅಳತೆಯ ಸಾಧನವನ್ನು ನಡೆಸಿದರೆ, ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 940 ಮೆಗಾಬಿಟ್‌ಗಳಷ್ಟು ಮಾಹಿತಿ ಹರಿಯುತ್ತದೆ. ಆ ವೇಳೆಯಲ್ಲಿ ಯಜಮಾನ ಗಣಕವನ್ನು ನೋಡಿದರೆ ಅದು ವಿಶ್ರಾಂತಿಯಲ್ಲಿರುತ್ತದೆ. ಸಂಚಾರವನ್ನು ಕದ್ದಾಲಿಸುವ ಸಾಧನವನ್ನು ಅಲ್ಲಿ ಹಚ್ಚಿದರೂ ಈ ಮಹಾಪೂರದ ಒಂದು ಹನಿಯೂ ಕಾಣದು. ಅಭ್ಯಾಸವಿಲ್ಲದವರು ಇದನ್ನು ಕಂಡು ಗಾಬರಿಗೊಂಡು ಏನೋ ಕೆಟ್ಟಿತೆಂದು ಬಗೆಯುತ್ತಾರೆ. ವಾಸ್ತವದಲ್ಲಿ ಎಲ್ಲವೂ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಫ್ರೇಮು ಗಣಕದವರೆಗೆ ಬರುವುದು ಗಣಕಕ್ಕೇ ಸಂಬಂಧಿಸಿದ್ದಾದರೆ, ಇಲ್ಲವೆ ಅದರ ತೀರ್ಮಾನ ಬೇಕಾದರೆ ಮಾತ್ರ.

ಯು.ಎಸ್.ಬಿ. ದಾರಿಯ ಮಿತಿಗಳನ್ನು ಮುಚ್ಚಿಡುವುದು ಸರಿಯಲ್ಲ. ಇದು ನಿಧಾನ. ನೇರ ಎಂ.ಡಿ.ಐ.ಓ. ಎಳೆಯಲ್ಲಿ ಮಾತುಕತೆಗೆ ಸಾಕಾಗುವ 25.6 ಮೈಕ್ರೊಸೆಕೆಂಡಿನ ಜಾಗದಲ್ಲಿ ಇಲ್ಲಿ ಯು.ಎಸ್.ಬಿ.ಯ ಸರದಿಗಾಗಿ ಕಾಯಬೇಕು, ವೇಗದ ಯು.ಎಸ್.ಬಿ. 2.0 ಪದ್ಧತಿಯೂ ಕಾಲವನ್ನು 125 ಮೈಕ್ರೊಸೆಕೆಂಡುಗಳ ತುಂಡುಗಳಾಗಿ ವಿಭಾಗಿಸಿಕೊಂಡಿದೆ. ಅಲ್ಲದೆ ಚಿಪ್ಪಿನೊಳಗಿನ ತಾಮ್ರದ ತಂತಿಯ ಮಂಡಲಗಳ ರಿಜಿಸ್ಟರುಗಳನ್ನು ನೇರವಾಗಿ ಓದಲಾಗದು. 28ನೆಯ ವಿಳಾಸದ ಬಾಗಿಲಲ್ಲಿ ಬಿಡುವಿದೆಯೇ ಎಂದು ಕೇಳಿ, ಕೋರಿಕೆಯನ್ನು ಬರೆದು, ಮುಗಿಯಿತೇ ಎಂದು ಮತ್ತೆ ಕೇಳಿ, ಅನಂತರ ಉತ್ತರವನ್ನು ಓದಬೇಕು. ಒಂದು ಪ್ರಶ್ನೆಗೆ ನಾಲ್ಕು ಸಲ ದುಭಾಷಿಯ ಬಳಿ ಹೋಗಿಬರುವ ಪ್ರಯಾಸವಿದು.

ಎರಡನೆಯ ಕೊರತೆ ಗಂಟೆಯದು. ಸ್ವಂತ ಫಲಕದ ಮೇಲಾದರೆ ಪೋರ್ಟಿನ ತಂತಿ ಕಳಚಿದೊಡನೆ ಚಿಪ್ಪು ಪ್ರತ್ಯೇಕ ಎಳೆಯೊಂದರ ಮೂಲಕ ಯಜಮಾನನಿಗೆ ಗಂಟೆ ಬಾರಿಸುತ್ತದೆ. ಯು.ಎಸ್.ಬಿ. ದಾರಿಯಲ್ಲಿ ಆ ಎಳೆಯಿಲ್ಲ. ಆದುದರಿಂದ ಡ್ರೈವರು ಸೆಕೆಂಡಿಗೆ ಹತ್ತು ಬಾರಿ, ಅಂದರೆ 100 ಮಿಲಿಸೆಕೆಂಡಿಗೊಮ್ಮೆ, 'ಏನಾದರೂ ಸಮಾಚಾರ ಉಂಟೇ?' ಎಂದು ತಾನಾಗಿಯೇ ಹೋಗಿ ವಿಚಾರಿಸಿಕೊಂಡು ಬರಬೇಕಾಗುತ್ತದೆ. ಕಡಿದ ದಾರಿಯನ್ನು ಬಿಟ್ಟು ಬೇರೆ ದಾರಿಗೆ ಎಷ್ಟು ಬೇಗ ಹೊರಳುತ್ತದೆಂದು ಅಳೆಯಹೊರಟವರು ಈ ವಿಳಂಬವನ್ನು ಚಿಪ್ಪಿನ ಲೆಕ್ಕಕ್ಕೆ ಹಾಕಬಾರದು. ಫ್ರೇಮುಗಳ ವೇಗಕ್ಕೆ ಮಾತ್ರ ಇದರಿಂದ ಯಾವ ಬಾಧೆಯೂ ಇಲ್ಲ, ಏಕೆಂದರೆ ಅವು ಸಂಚರಿಸುವ ದಾರಿಯೇ ಬೇರೆ.

ಮೇಜಿನ ಮೇಲಿನ ಸಾಧಾರಣ ಗಣಕಗಳಲ್ಲಿ ಡಿವೈಸ್ ಟ್ರೀ ಬಳಕೆಯಲ್ಲಿಲ್ಲವೆಂಬುದು ಇನ್ನೊಂದು ಅಡ್ಡಿ. ಆದುದರಿಂದ ಈ ಪ್ರಯೋಗಕ್ಕೆ ಆ ಪತ್ರವನ್ನು ಓದಬಲ್ಲ ಸಣ್ಣ ಫಲಕ-ಗಣಕಗಳೇ ಹೆಚ್ಚು ಅನುಕೂಲ. ಸಾಧಾರಣ ಗಣಕದಲ್ಲಿಯೇ ಮಾಡಬೇಕೆನ್ನುವವರು ವೃಕ್ಷದಲ್ಲಿ ಬರೆಯುವ ವಿವರಗಳನ್ನು ಕರ್ನಲಿನ ಕಾರ್ಯಕ್ರಮದಲ್ಲಿಯೇ ಅಡಕಗೊಳಿಸಬೇಕಾಗುತ್ತದೆ. ರಿಜಿಸ್ಟರುಗಳನ್ನು ಇಣುಕಿ ನೋಡುವುದಷ್ಟೇ ಉದ್ದೇಶವಾದರೆ ವಾಲ್ಡೆಕ್ರಾನ್ಸರೇ ರಚಿಸಿದ 'ಎಂಡಿಐಓ-ಟೂಲ್ಸ್' ಎಂಬ ಸಾಧನಗಳಿವೆ. ಅವಕ್ಕೆ ಬೇಕಾದ ಕರ್ನಲಿನ ತುಣುಕು ಮುಖ್ಯ ಕರ್ನಲಿಗೆ ಸೇರಿಲ್ಲ, ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಡ್ರೈವರು ಆಳುತ್ತಿರುವ ಚಿಪ್ಪಿನ ರಿಜಿಸ್ಟರಿಗೆ ಅದರ ಬೆನ್ನ ಹಿಂದೆ ಬರೆದರೆ ಇಬ್ಬರು ಯಜಮಾನರ ಮನೆಯಂತಾಗುವುದರಿಂದ, ಇವುಗಳನ್ನು ಓದಲು ಬಳಸುವುದೇ ಕ್ಷೇಮ.

ಈ ಎಲ್ಲ ತೊಡಕುಗಳನ್ನು ಸಹಿಸಿಕೊಂಡು ಎರಡು ತಂತಿಗಳ ಏರ್ಪಾಡನ್ನು ಕಟ್ಟುವುದರಿಂದ ಪಡೆಯುವ ಲಾಭವೇನೆಂಬುದು ಉಪಕರಣ ತಯಾರಕರ ಕಾರ್ಯಾಗಾರದಲ್ಲಿ ಸ್ಪಷ್ಟವಾಗುತ್ತದೆ. ಸ್ವಂತ ಫಲಕವು ಅಚ್ಚಿನ ಮನೆಯಲ್ಲಿರುವಾಗ ಕಾರ್ಯಕ್ರಮ ಬರೆಯುವವರು ಕೈಕಟ್ಟಿ ಕೂರಬೇಕಾಗಿಲ್ಲ. ಜಾಲಗಳನ್ನು ಬೇರ್ಪಡಿಸುವ ನಿಯಮಗಳು, ಬದಲಿ ದಾರಿಯ ವ್ಯವಸ್ಥೆ, ಲೆಕ್ಕಪತ್ರ, ಇವೆಲ್ಲವನ್ನೂ ಮೇಜಿನ ಮೇಲಿನ ಬೋರ್ಡಿನಲ್ಲಿಯೇ ಬರೆದು ಪರೀಕ್ಷಿಸಬಹುದು. ಚಿಪ್ಪಿನಲ್ಲಿ ಕೊರತೆಯಿದ್ದರೆ ಹಣ ಸುರಿಯುವ ಮೊದಲೇ ಗೊತ್ತಾಗುತ್ತದೆ. ಡ್ರೈವರಿನಲ್ಲಿ ದೋಷ ಕಂಡರೆ ಅದನ್ನು ತಿದ್ದಿ ಮುಖ್ಯ ಕರ್ನಲಿಗೇ ಸಲ್ಲಿಸಬಹುದು. ಅದೇ ಪರಿವಾರದ ಚಿಪ್ಪನ್ನು ಬಳಸುವ ಇತರರಿಗೂ ಆ ತಿದ್ದುಪಡಿ ತಾನಾಗಿ ತಲಪುತ್ತದೆ. ಬೋರ್ಡೊಂದನ್ನು ಸಂಪಾದಿಸಿದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗೂ ಕಾರ್ಖಾನೆಯ ಅಭಿಯಂತರನಿಗೂ ಆಗ ಇರುವುದು ಒಂದೇ ಡ್ರೈವರು, ಒಂದೇ ಆಜ್ಞೆಗಳು.

ಕೊನೆಗೆ ಸ್ವಂತ ಫಲಕವು ಬಂದು ಸೇರಿದ ದಿನ ಯು.ಎಸ್.ಬಿ. ತಂತಿಗೂ ದುಭಾಷಿಗೂ ಕೆಲಸವಿಲ್ಲದಾಗುತ್ತದೆ. ಆ ಫಲಕದ ಮೇಲೆ ಯಜಮಾನನೂ ಸ್ವಿಚ್ಚೂ ಅಕ್ಕಪಕ್ಕದಲ್ಲಿಯೇ ಇದ್ದು, ಎಂ.ಡಿ.ಐ.ಓ. ಎಳೆಗಳು ನೇರವಾಗಿ ಬೆಸೆದಿರುತ್ತವೆ. ಗಂಟೆಯ ಎಳೆಯೂ ಇರುತ್ತದೆ. ವೃಕ್ಷದಲ್ಲಿ ಯು.ಎಸ್.ಬಿ. ನಿಯಂತ್ರಕದ ಕೆಳಗಿದ್ದ ಸ್ವಿಚ್ಚಿನ ಶಾಖೆಯನ್ನು ಕಿತ್ತು, ಹೊಸ ಎಂ.ಡಿ.ಐ.ಓ. ಶಾಖೆಯ ಕೆಳಗೆ ನೆಟ್ಟು, ಗಂಟೆಯ ಎಳೆಯನ್ನೂ ಯಜಮಾನನ ಕಿಂಡಿಯ ಹೆಸರನ್ನೂ ನಮೂದಿಸಿದರೆ, ಬೋರ್ಡಿನ ಮೇಲೆ ತಿಂಗಳುಗಟ್ಟಲೆ ಬರೆದ ಕಾರ್ಯಕ್ರಮಗಳು ಬದಲಾವಣೆಯಿಲ್ಲದೆ ಅಲ್ಲಿ ನಡೆಯತೊಡಗುತ್ತವೆ. ಬೋರ್ಡನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ, ಮುಂದಿನ ಚಿಪ್ಪಿನ ಆಯ್ಕೆಯ ಕಾಲ ಬರುವವರೆಗೆ ಕಪಾಟಿನಲ್ಲಿಡುತ್ತಾರೆ.